ಚನ್ನರಾಯಪ್ಪನ ಹೋಲ್‌ಸೇಲ್ ವಿಮಾನ

ಶ್ರೀನಿವಾಸಪುರದ ಮಾವಿನ ಮಂಡಿ ಚನ್ನರಾಯಪ್ಪನಿಗೆ ಈ ಲೋಕದಲ್ಲಿ ಎರಡನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ಚಿಲ್ಲರೆ ರೇಟು. ಇನ್ನೊಂದು, ಕೋಲಾರದಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಅವನ ಷಡ್ಡಕ ಶ್ರೀರಾಮಪ್ಪ.

ಚಿಲ್ಲರೆ ರೇಟಿನ ಮೇಲಿನ ದ್ವೇಷ ವಂಶಪಾರಂಪರ್ಯವಾಗಿ ಬಂದದ್ದು. ಬೆಂಕಿಪೊಟ್ಟಣ ಬೇಕೆಂದರೆ ಅವನು ಒಂದು ಕಟ್ಟೇ ತರುತ್ತಿದ್ದ. ಬಾಚಣಿಗೆ ಬೇಕೆಂದರೆ ಡಜನ್ ತರುತ್ತಿದ್ದ. ಆ ಮನೆಯಲ್ಲಿ ಬಾಚಿಕೊಳ್ಳುವಂಥ ತಲೆ ಇದ್ದದ್ದು ಹೆಂಡತಿ ಭಾರತಮ್ಮನದೊಂದೇ. ಅವನದು ಬೋಳಾಗಿ ಬಹಳ ಕಾಲವಾಗಿತ್ತು. ಆದರೂ ಹೋಲ್‌ಸೇಲಿನಲ್ಲಿ ಸಿಕ್ಕುವುದನ್ನು ಬಿಡಿಯಾಗಿ ಕೊಳ್ಳುವುದು ದುಡ್ಡನ್ನು ಕೆರೆಗೆ ಎಸೆದಂತೆ ಎಂಬುದು ಅವನ ಸಿದ್ಧಾಂತ.

ಶ್ರೀರಾಮಪ್ಪನ ಮೇಲಿನ ದ್ವೇಷ ಮಾತ್ರ ತೀರಾ ಹೊಸದು. ಆತ ಹಿಂದಿನ ವರ್ಷ ಸರ್ಕಾರದ ಖರ್ಚಿನಲ್ಲಿ ಡೆಲ್ಲಿಗೆ ವಿಮಾನದಲ್ಲಿ ಹೋಗಿಬಂದಿದ್ದ. ಅಂದಿನಿಂದ ಅವನ ಬಾಯಿ ನೆಲಕ್ಕಿಳಿದಿರಲಿಲ್ಲ. ಹುರುಳಿಕಟ್ಟು ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳಬೇಕಾದರೂ "ನಾನು ಫ್ಲೈಟಲ್ಲಿ ಹೋಗ್ಬೇಕಾದ್ರೆ..." ಎಂದೇ ಶುರು ಮಾಡುತ್ತಿದ್ದ.

ಎಂಬತ್ತಮೂರನೆಯ ಇಸವಿಯ ಶ್ರಾವಣ. ಶ್ರೀರಾಮಪ್ಪನ ಮೊಮ್ಮಗನ ನಾಮಕರಣಕ್ಕೆ ಬಂಧುಬಳಗವೆಲ್ಲ ಕೋಲಾರದಲ್ಲಿ ಸೇರಿತ್ತು. ಮಗುವಿನ ಕಿವಿಯಲ್ಲಿ ಹೆಸರು ಹೇಳುವುದಕ್ಕೆ ಮುಂಚೆ ಶ್ರೀರಾಮಪ್ಪ ಎಲ್ಲರ ಕಿವಿಯಲ್ಲೂ ವಿಮಾನ ಊದಿದ. ಕೊನೆಗೆ ಎಲೆಯ ಮುಂದೆ ಕೂತಾಗ ಷಡ್ಡಕನ ಕಡೆ ತಿರುಗಿದ.

"ಚನ್ನರಾಯ, ನಿನ್ ಲಾರಿ ಬಸ್ಸು ಎಲ್ಲಾ ಸರಿ ಕಣಪ್ಪ. ಒಂದ್ಸಲ ಫ್ಲೈಟಲ್ಲಿ ಕೂತ್ಕೋಬೇಕು ನೋಡು. ಆದ್ರೆ ಅದು ನಮ್ ನಿಮ್ಮಂಥೋರ ಕೈಗೆ ಎಟುಕೋ ರೇಟಲ್ಲ ಬಿಡು. ಸರ್ಕಾರದೋರು ಕೊಟ್ರೆ ಉಂಟು."

ಚನ್ನರಾಯಪ್ಪನ ಕೈಯಲ್ಲಿದ್ದ ಒಬ್ಬಟ್ಟು ಅರ್ಧದಲ್ಲೇ ನಿಂತಿತು.

"ನೀನು ರೀಟೇಲಲ್ಲಿ ಹೋದೆ ಶ್ರೀರಾಮಣ್ಣ. ಅದಕ್ಕೇ ದುಬಾರಿ. ನಾನು ಹೋಲ್‌ಸೇಲಲ್ಲಿ ಹೋಗ್ತೀನಿ!"

ಪಂಕ್ತಿಯೆಲ್ಲ ತಿರುಗಿ ನೋಡಿತು. ಬಡಿಸುತ್ತಿದ್ದವನು ಹೊಸಬ, ಇನ್ನೂ ಏನೋ ಬೇಕಿದೆಯೆಂದು ತಿಳಿದು ಚನ್ನರಾಯಪ್ಪನ ಎಲೆಗೆ ನಾಲ್ಕು ಒಬ್ಬಟ್ಟು ಹಾಕಿ ಹೋದ.

ಮಾತು ಪೂರ್ತಿ ಗಾಳಿಯಿಂದ ಬಂದದ್ದಲ್ಲ. ಬೆಂಗಳೂರಿನ ಒಬ್ಬ ಹಣ್ಣಿನ ವ್ಯಾಪಾರಿ ಆ ಸೀಜನ್ನಿನಲ್ಲಿ ಮಂಡಿಗೆ ಬಂದಾಗ, ಚಿಕ್ಕಪೇಟೆಯ ಹತ್ತಿರ ಕದಿರೇಶ ಎಂಬಾತ ವಿಮಾನದ ಟಿಕೆಟ್ಟನ್ನೇ ಹೋಲ್‌ಸೇಲಾಗಿ ಮಾರುತ್ತಾನೆಂದು ಹೇಳಿದ್ದ. ನಾಮಕರಣ ಮುಗಿದ ಮರುದಿನವೇ ಚನ್ನರಾಯಪ್ಪ ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡು ಬೆಂಗಳೂರಿನ ಬಸ್ಸು ಹತ್ತಿದ.

ಕದಿರೇಶನ ಅಂಗಡಿ ಒಂದು ಕಡಿದಾದ ಮೆಟ್ಟಿಲಿನ ಮೇಲಿತ್ತು. ಒಂದು ಮೇಜು, ಒಂದು ಫೋನು, ಗೋಡೆಯ ಮೇಲೆ ವಿಮಾನದ ಕ್ಯಾಲೆಂಡರು. ಕದಿರೇಶ ತೆಳ್ಳಗಿನ ಮನುಷ್ಯ, ಬಹಳ ಮರ್ಯಾದೆಯವನು.

"ಸೀಟುಗಳನ್ನ ನಾವು ತಿಂಗಳ ಮುಂಚೆನೇ ಒಟ್ಟಾಗಿ ಹಿಡಿದಿಡ್ತೀವಿ ಸಾರ್. ಕಂಪನಿಯೋರು ನಮಗೆ ಕಮ್ಮಿಗೆ ಕೊಡ್ತಾರೆ. ನಾವು ನಿಮಗೆ ಕಮ್ಮಿಗೆ ಕೊಡ್ತೀವಿ."

ಚನ್ನರಾಯಪ್ಪ ಕುರ್ಚಿಯಿಂದ ಅರ್ಧ ಎದ್ದ. "ಅಂದ್ರೆ, ಹೂವಲ್ಲೇ ತೋಟ ಹಿಡಿಯೋದು!"

"ಏನ್ ಸಾರ್?"

"ಮರ ಹೂ ಬಿಟ್ಟಾಗ್ಲೇ ತೋಟದ ಫಸಲು ಮಾತಾಡ್ಕೊಂಡ್ಬಿಡ್ತೀವಲ್ಲಪ್ಪ, ಅದು! ನಮ್ದೂ ಅದೇ ಕಸುಬು ಕಣಯ್ಯ!" ಎಂದ. ವಿಮಾನವೆಂದರೆ ಏನೋ ಮಹಾ ಎಂದುಕೊಂಡಿದ್ದ. ನೋಡಿದರೆ ಅದೂ ಒಂದು ಮಾವಿನ ತೋಪು! ಅವನಿಗೆ ಹಾರುವ ಮೊದಲೇ ಹಾರಿದಂತಾಯಿತು.

"ಎಲ್ಲಿಗೆ ಬೇಕು ಸಾರ್?"

"ಎಲ್ಲಿಗೆ ಅಗ್ಗ?"

"ಮದ್ರಾಸು."

"ಹಂಗಾದ್ರೆ ಅಲ್ಲಿಗೇ."

ಕದಿರೇಶ ರೇಟು ಹೇಳಲು ಬಾಯಿ ತೆರೆದ. ಚನ್ನರಾಯಪ್ಪ ಗಾಬರಿಯಿಂದ ತಡೆದು, ಟವೆಲನ್ನು ಮೇಜಿನ ಮೇಲೆ ಹರಡಿ, ಅದರಡಿ ತನ್ನ ಕೈ ಇಟ್ಟು, "ಕೈ ಕೊಡು" ಎಂದ. ಮಂಡಿಯಲ್ಲಿ ರೇಟನ್ನು ಬಾಯಲ್ಲಿ ಹೇಳುವವನು ದಡ್ಡ. ಟವೆಲಿನ ಕೆಳಗೆ ಬೆರಳು ಹಿಡಿದು, ಪಕ್ಕದವನಿಗೆ ಗೊತ್ತಾಗದಂತೆ ವ್ಯಾಪಾರ ಕುದುರಬೇಕು. ಪಾಪ, ಕದಿರೇಶ ಈ ಗಿರಾಕಿ ಕೈ ನೋಡಿ ಭವಿಷ್ಯ ಹೇಳುತ್ತಾನೆಂದುಕೊಂಡು ಬಲಗೈ ಕೊಟ್ಟ. ಚನ್ನರಾಯಪ್ಪ ಅವನ ಮೂರು ಬೆರಳನ್ನು ಹಿಸುಕಿದ. ಕದಿರೇಶ "ಅಯ್ಯೋ" ಎಂದ. ಚನ್ನರಾಯಪ್ಪ ಅದನ್ನು ಒಪ್ಪಿಗೆಯೆಂದು ತಿಳಿದು, ಇನ್ನೂ ಇಳಿಸಲು ಎರಡು ಬೆರಳು ಹಿಸುಕಿದ.

ಕೈ ಬಿಡಿಸಿಕೊಂಡು ಕದಿರೇಶ ದೂರ ಸರಿದು ಹೇಳಿದ: "ಸಾರ್, ಮಾಮೂಲಿ ರೇಟಲ್ಲಿ ಮುಕ್ಕಾಲು. ಅದಕ್ಕಿಂತ ಇಳಿಯಲ್ಲ. ಆದ್ರೆ ಹತ್ತು ಜನದ ಗುಂಪು ಇರ್ಬೇಕು. ಬಿಡಿ ಟಿಕೆಟ್ಟಿಗೆ ಈ ರೇಟಿಲ್ಲ."

ಹತ್ತು ಎಂಬುದು ಮಾವಿನ ಲೆಕ್ಕದಲ್ಲಿ ಒಂದು ಸಂಖ್ಯೆಯೇ ಅಲ್ಲ. "ಆಗ್ಲಿ. ಹತ್ತಕ್ಕೆ ಕೊಸರು ಎಷ್ಟು?"

"ಕೊಸರು ಅಂದ್ರೆ?"

"ನೂರು ಹಣ್ಣು ತಗೊಂಡ್ರೆ ಮೇಲೆ ನಾಲ್ಕು ಹಾಕಲ್ವಾ? ಕೊಳ್ತು ಗಿಳ್ತು ಹೋದ್ರೆ ಇರ್ಲಿ ಅಂತ."

"ಸಾರ್, ಪ್ಯಾಸೆಂಜರು ಕೊಳೆಯಲ್ಲ."

"ಕೊಳೆಯುತ್ತೋ ಬಿಡುತ್ತೋ, ಕೊಸರಿಲ್ದೆ ನಾನು ಜನ್ಮದಲ್ಲಿ ವ್ಯಾಪಾರ ಮಾಡಿಲ್ಲ."

ಎರಡು ಸಲ ಕಾಫಿ ತರಿಸಿ ಕುಡಿದರೂ ಈತ ಏಳುವ ಲಕ್ಷಣ ಕಾಣಲಿಲ್ಲ. ಕೊನೆಗೆ ಕದಿರೇಶ ಹಣೆ ಒರೆಸಿಕೊಂಡು, ಹತ್ತು ಜನಕ್ಕೆ ಒಂದು ಪುಕ್ಕಟೆ ಕೊಡುವ ಪದ್ಧತಿ ಇದೆಯೆಂದು ಒಪ್ಪಿಕೊಂಡ. ಮಂಡಿಯ ಸೋರುವ ಚಾವಣಿಗೆಂದು ಎತ್ತಿಟ್ಟಿದ್ದ ದುಡ್ಡನ್ನು ಚನ್ನರಾಯಪ್ಪ ಅಡ್ವಾನ್ಸ್ ಕೊಟ್ಟು, ಮೆಟ್ಟಿಲಿಳಿಯುವಾಗ ಹಾಡಿಕೊಂಡು ಇಳಿದ.

ಊರಿಗೆ ಬಂದವನು ನೇರವಾಗಿ ಮುನಿಯಲ್ಲಪ್ಪನ ಹೋಟೆಲಿಗೆ ಹೋದ. ಮುನಿಯಲ್ಲಪ್ಪನ ಹೋಟೆಲಿನಲ್ಲಿ ಒಂದು ಮಾತು ಆಡಿದರೆ ಮುಳಬಾಗಿಲಿಗೆ ಟೆಲಿಗ್ರಾಂ ಕೊಟ್ಟಂತೆ.

"ಎಲ್ಲಿಂದ ಸವಾರಿ ಚನ್ನರಾಯಣ್ಣ?"

"ಬೆಂಗಳೂರಿಂದ. ವಿಮಾನದ್ದು ಹೋಲ್‌ಸೇಲಲ್ಲಿ ಮುಗಿಸ್ಕೊಂಡು ಬಂದೆ ಕಣೋ!"

ಸಂಜೆಯೊಳಗೆ ಶ್ರೀನಿವಾಸಪುರದಲ್ಲಿ ಚನ್ನರಾಯಪ್ಪ ವಿಮಾನ ಕೊಂಡಿದ್ದ. ಬೆಳಗಾಗುವುದರೊಳಗೆ ತಾಯಲೂರಿನಲ್ಲಿ ಎರಡು ಕೊಂಡಿದ್ದ. ತಾಯಲೂರಿನ ಟೊಮ್ಯಾಟೊ ಬೆಳೆಗಾರ ಆವಲಪ್ಪ ಮೊದಲ ಬಸ್ಸಿಗೇ ಒಂದು ಬುಟ್ಟಿ ಹಣ್ಣು ಹೊತ್ತು ಬಂದು ಮಂಡಿಯ ಮುಂದೆ ಇಳಿಸಿದ.

"ಡೆಲ್ಲಿಗೆ ಕ್ರೇಟಿಗೆ ಎಷ್ಟು ಬಾಡಿಗೆ ಹಾಕ್ತೀಯಣ್ಣ? ಬೇರೆಯೋರಿಗೆ ಮಾತು ಕೊಟ್ಬಿಡ್ಬೇಡ. ಜಾಗ ನಂದು ಮೊದ್ಲು."

ಅವನಿಗೆ ಬಿಡಿಸಿ ಹೇಳುವಷ್ಟರಲ್ಲಿ ಗೌನಿಪಲ್ಲಿಯ ನಾಲ್ವರು ಹಿರಿಯರು ಬಂದರು. ಈ ವರ್ಷ ತಮ್ಮ ಕೆರೆಯಲ್ಲಿ ನೀರಿಲ್ಲ, ನೆಲ ಗಟ್ಟಿಯಾಗಿದೆ, ವಿಮಾನ ಅಲ್ಲೇ ಇಳಿಸಬಹುದು, ಆದರೆ ವಾರಕ್ಕೊಮ್ಮೆ ಊರಿನವರನ್ನು ಪುಕ್ಕಟೆ ಕೂರಿಸಬೇಕು ಎಂದರು. ಅವರು ಎದ್ದು ಹೋಗುವ ಮುಂಚೆಯೇ ಬಂದವರು ಮಾರಾಟ ತೆರಿಗೆಯ ಅಧಿಕಾರಿಗಳು. ಕನ್ನಡಕದೊಳಗಿನಿಂದ ಮಂಡಿಯ ಮೂಲೆ ಮೂಲೆ ನೋಡಿದರು.

"ಎಲ್ಲಿ ನಿಲ್ಸಿದೀರಿ?"

"ಬೆಂಗಳೂರಲ್ಲೇ ಐತೆ ಸಾರ್."

"ಬಿಲ್ಲು?"

"ಅಡ್ವಾನ್ಸ್ ರಸೀದಿ ಐತೆ ಸಾರ್. ಮಿಕ್ಕಿದ್ದು ಆಮೇಲೆ."

"ಕಂತಲ್ಲಿ ವಿಮಾನ!" ಅಧಿಕಾರಿಗಳು ಜೊತೆಗೆ ಬಂದಿದ್ದ ಜವಾನನ ಮುಖ ನೋಡಿದರು. "ಎಷ್ಟು ಸೀಟು?"

"ಹತ್ತು ಸಾರ್. ಮೇಲೆ ಒಂದು ಕೊಸರು."

"ಚಿಕ್ಕದು ಅನ್ನಿ," ಎಂದು ಅಧಿಕಾರಿಗಳು ಸ್ವಲ್ಪ ಸಮಾಧಾನ ತಾಳಿದರು. ರಸೀದಿ ಓದಿದ ಮೇಲೆ ಅವರಿಗೆ ವಿಷಯ ತಿಳಿಯಿತು. ಬಂದ ಕೋಪವನ್ನು ಮೂರು ನೀಲಂ ಹಣ್ಣಿನ ಜೊತೆ ನುಂಗಿಕೊಂಡು ಹೋದರು.

ಕೊಂಡದ್ದು ವಿಮಾನವಲ್ಲ, ಬರೀ ಟಿಕೆಟ್ಟು ಎಂದು ಗೊತ್ತಾದೊಡನೆ ಊರು ಮುನಿಸಿಕೊಂಡಿತು, ತನಗೇ ವಿಮಾನ ಕೊಡುತ್ತೇನೆಂದು ಹೇಳಿ ಕಿತ್ತುಕೊಂಡಂತೆ. ಟಿಕೆಟ್ಟು ಕೇಳುವವರು ಒಬ್ಬರೂ ಇಲ್ಲ. ಅದಕ್ಕೆ ಸರಿಯಾಗಿ ಶ್ರೀರಾಮಪ್ಪ ಭಾನುವಾರ ಬಂದು ಮುನಿಯಲ್ಲಪ್ಪನ ಹೋಟೆಲಿನಲ್ಲಿ ಕೂತ.

"ಮದ್ರಾಸು ಯಾವ ಕಡೆ? ಮೂಡಲಕ್ಕೆ. ಬೆಂಗಳೂರು? ಪಡುವಲಕ್ಕೆ. ಪಡುವಲಕ್ಕೆ ಹೋಗಿ ವಿಮಾನ ಹತ್ತಿ, ವಾಪಸ್ಸು ನಮ್ ತಲೆ ಮೇಲೇ ಹಾರ್ಕೊಂಡು ಮೂಡಲಕ್ಕೆ ಹೋಗ್ತಾನಂತೆ! ಮುಳಬಾಗಿಲಲ್ಲಿ ನಿಂತ್ಕೊಂಡು ಕೈ ತೋರ್ಸಿದ್ರೆ ಮದ್ರಾಸ್ ಬಸ್ಸು ನಿಲ್ಲುತ್ತೆ ಕಣ್ರಪ್ಪಾ!"

ಹೋಟೆಲಿನಲ್ಲಿ ನಗು ತಡೆಯಲಾರದೆ ಒಬ್ಬನ ಮೂಗಿನಲ್ಲಿ ಟೀ ಬಂತು.

ಅಂದು ರಾತ್ರಿ ಊಟಕ್ಕೆ ಬಡಿಸುತ್ತ ಭಾರತಮ್ಮ ಒಂದೇ ಮಾತು ಹೇಳಿದಳು. "ಚಾವಣಿ ದುಡ್ಡು ಹೋಯ್ತು. ಮಳೆ ಬಂದ್ರೆ ಹತ್ತು ಟಿಕೆಟ್ಟು ಹೊದಿಸ್ಕೊಳ್ಳಿ ಮಂಡಿಗೆ." ಚನ್ನರಾಯಪ್ಪ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದ. ಜನ ನಗಲಿ, ಅದು ಬೇರೆ. ಇವಳ ಮುಂದೆ ಸೋಲುವುದು ಬೇರೆ.

ಅವನನ್ನು ಕಾಪಾಡಿದವಳು ಅತ್ತೆ. ಭಾರತಮ್ಮನ ತಾಯಿ ದೊಡ್ಡಮುನಿಯಮ್ಮ ಗೌನಿಪಲ್ಲಿಯಿಂದ ಮಗಳನ್ನು ನೋಡಲು ಬಂದವಳು, ಬಾಗಿಲಲ್ಲೇ ನಿಂತು ತೆಲುಗು ಬೆರೆಸಿ ಅಳಿಯನನ್ನು ಕೂಗಿದಳು.

"ಏಮಪ್ಪಾ ಅಲ್ಲುಡೂ! ವಿಮಾನಕ್ಕೆ ಜನ ಸಿಗ್ತಿಲ್ವಂತೆ? ನನ್ನ ಬರ್ಕೋ."

"ಅತ್ತೆಮ್ಮಾ, ನಿಮಗೆ ಭಯ ಆಗಲ್ವಾ?"

"ಭಯ ಎಂದುಕು? ಹೆಂಗೂ ಒಂದಿನ ಮೇಲಕ್ಕೆ ಹೋಗೋದೇ. ಅಲ್ಲಿಂದ ವಾಪಸ್ ಬಂದೋರು ಯಾರೂ ಇಲ್ಲ. ಒಂದ್ಸಲ ಹೋಗ್ಬಿಟ್ಟು, ವಾಪಸ್ ಬಂದು, ಹೆಂಗೈತೆ ಅಂತ ಎಲ್ರಿಗೂ ಹೇಳ್ತೀನಿ. ಕೊಸರು ಅಂತ ಒಂದೈತಂತಲ್ಲ, ಅದ್ರಲ್ಲಿ ನನ್ನ ಹಾಕು."

ಈ ಮಾತು ಬೀದಿಗೆ ಬಿದ್ದದ್ದೇ ತಡ, ಊರಿನ ಗಂಡಸರ ಮೀಸೆಗೆ ಬೆಂಕಿ ಬಿದ್ದಂತಾಯಿತು. ಹಲ್ಲಿಲ್ಲದ ಮುದುಕಿ ಹಾರುತ್ತಾಳೆ, ನಾವು ಮುಳಬಾಗಿಲಲ್ಲಿ ಬಸ್ಸಿಗೆ ಕೈ ತೋರಿಸುವುದೇ? ಮರುದಿನ ಮಂಡಿಯ ಮುಂದೆ ಜನವೋ ಜನ. ಮುನಿಯಲ್ಲಪ್ಪ ಹೋಟೆಲಿಗೆ ಬೀಗ ಹಾಕಿ ಬಂದ. ಭಾರತಮ್ಮ ಕೂಡ ಸೆರಗು ಬಿಗಿದುಕೊಂಡು, "ನಮ್ಮಮ್ಮನ್ನ ಒಬ್ಳನ್ನೇ ಕಳ್ಸಕ್ಕಾಗುತ್ತಾ?" ಎಂದು ಒಂದು ಸೀಟು ಹಿಡಿದಳು. ಕೇಳುವವರು ಹೆಚ್ಚಾದರು, ಸೀಟು ಕಡಿಮೆಯಾಯಿತು. ಅಂಥ ಸಂದರ್ಭದಲ್ಲಿ ಮಂಡಿಯವನು ಮಾಡುವುದು ಒಂದೇ.

ಚನ್ನರಾಯಪ್ಪ ತಕ್ಕಡಿಯ ಕಲ್ಲಿನ ಮೇಲೆ ಹತ್ತಿ ನಿಂತು ಹರಾಜು ಕೂಗಿದ.

ಎಂಥ ಹರಾಜು ಅದು! ಬಾದಾಮಿ ಹಣ್ಣಿಗೂ ಆ ಪೈಪೋಟಿ ಕಂಡವರಿಲ್ಲ. ಕೂಗಿ ಕೂಗಿ ಚನ್ನರಾಯಪ್ಪನ ಕುತ್ತಿಗೆ ನರ ಉಬ್ಬಿತು, ಬೋಳುತಲೆ ಬೆವರಿನಿಂದ ಹೊಳೆಯಿತು. ಕಟ್ಟಕಡೆಯ ಸೀಟಿಗೆ ತಾಯಲೂರಿನ ಆವಲಪ್ಪನಿಗೂ ಒಬ್ಬ ರೇಷ್ಮೆಗೂಡಿನ ವ್ಯಾಪಾರಿಗೂ ಹತ್ತಿಕೊಂಡಿತು. "ಒಂದ್ಸಾರಿ! ಎರಡ್ಸಾರಿ! ಮೂರ್ಸಾರಿ!" ಆವಲಪ್ಪ ಗೆದ್ದ. ಜನ ಶಿಳ್ಳೆ ಹೊಡೆದರು. ಕದಿರೇಶನ ಬಾಕಿ ತೀರಿ, ಚಾವಣಿಯ ದುಡ್ಡು ವಾಪಸ್ಸು ಬಂದು, ಮೇಲೆ ಒಂದಿಷ್ಟು ಮಿಕ್ಕಿತು. ಚನ್ನರಾಯಪ್ಪ ಬೆಂಗಳೂರಿಗೆ ಹೋಗಿ ಹನ್ನೊಂದು ಹೆಸರನ್ನೂ ಕದಿರೇಶನಿಗೆ ಒಂದೇ ಉಸಿರಿಗೆ ಒಪ್ಪಿಸಿ, ಟಿಕೆಟ್ಟಿನ ಕಟ್ಟು ಜೇಬಿಗಿಳಿಸಿಕೊಂಡು ಬಂದ.

ಹೊರಡುವ ದಿನ ಮಸುಕಿನಲ್ಲೇ ಎದ್ದು, ಟೆಂಪೋ ಮಾಡಿಕೊಂಡು, ತಂಡ ವಿಮಾನ ನಿಲ್ದಾಣ ತಲುಪಿತು. ಗಂಡಸರೆಲ್ಲ ಮದುವೆಗೆ ಹೊರಟಂತೆ ಪಂಚೆ ಶಲ್ಯ, ಹೆಂಗಸರಿಗೆ ರೇಷ್ಮೆ ಸೀರೆ. ದೊಡ್ಡಮುನಿಯಮ್ಮನ ಎಲೆ ಅಡಿಕೆ ಚೀಲದಲ್ಲಿದ್ದ ಅಡಕತ್ತರಿಯನ್ನು ಪೊಲೀಸಿನವನು ತೆಗೆದುಕೊಂಡಾಗ, "ಅದೇನು ವಿಮಾನ ಕತ್ತರಿಸೋಕ್ ಇಟ್ಕೊಂಡಿದೀನೇನಪ್ಪಾ?" ಎಂದು ಜಗಳ ತೆಗೆದಳು.

ಚನ್ನರಾಯಪ್ಪ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಹೆಸರು ಕೂಗಿ, ಪ್ರಸಾದ ಕೊಟ್ಟಂತೆ ಟಿಕೆಟ್ಟು ಕೊಟ್ಟ. ಮುನಿಯಲ್ಲಪ್ಪನಿಗೆ ಕೊಟ್ಟ. ಭಾರತಮ್ಮನಿಗೆ ಕೊಟ್ಟ. ಆವಲಪ್ಪನಿಗೆ ಕೊನೆಯದು ಕೊಟ್ಟ. ತನ್ನದನ್ನು ತೆಗೆಯಲು ಮತ್ತೆ ಜೇಬಿಗೆ ಕೈ ಹಾಕಿದ.

ಜೇಬಿನ ತಳ ಸಿಕ್ಕಿತು.

ಎಡ ಜೇಬು ನೋಡಿದ, ಟವೆಲ್ ಒದರಿದ, ಟೋಪಿ ಹಾಕಿಕೊಳ್ಳದವನು ತಲೆಯನ್ನೂ ಒಮ್ಮೆ ಮುಟ್ಟಿ ನೋಡಿಕೊಂಡ. ಆಮೇಲೆ ನಿಧಾನವಾಗಿ ಅವನಿಗೆ ಹೊಳೆಯಿತು. ಹರಾಜಿನ ಆವೇಶದಲ್ಲಿ ತನ್ನ ಸೀಟನ್ನೂ ಕೂಗಿ ಮಾರಿಬಿಟ್ಟಿದ್ದ. ಹಣ್ಣು ಎಣಿಸುವವನು ಹಣ್ಣಿನ ಜೊತೆ ತನ್ನನ್ನೂ ಎಣಿಸಿಕೊಂಡದ್ದು ಯಾವ ಮಂಡಿಯಲ್ಲೂ ಇಲ್ಲ ತಾನೆ?

"ಏನ್ರೀ, ನಿಮ್ದು?" ಎಂದಳು ಭಾರತಮ್ಮ.

"ನಂದು..." ಚನ್ನರಾಯಪ್ಪ ಖಾಲಿ ಜೇಬನ್ನು ಹೊರಗೆಳೆದು ತೋರಿಸಿದ. "ನಂದು ಮಾರೋಗಿದೆ."

ಹನ್ನೊಂದು ಜನವೂ ಒಟ್ಟಿಗೆ ಬಾಯಿ ತೆರೆದರು. ಭಾರತಮ್ಮ ತನ್ನ ಟಿಕೆಟ್ಟು ಚಾಚಿದಳು. ಅದರ ಮೇಲಿರುವ ಹೆಸರಿನವರೇ ಹೋಗಬೇಕೆಂದು ಕೌಂಟರಿನವಳು ತಲೆ ಅಲ್ಲಾಡಿಸಿದಳು. ಬೇರೆ ಟಿಕೆಟ್ಟು ಕೊಳ್ಳೋಣವೆಂದರೆ ಅಂದು ಸೀಟೆಲ್ಲ ಭರ್ತಿ, ರೀಟೇಲಿನಲ್ಲೂ ಇಲ್ಲ. ಆಗಲೇ ಆವಲಪ್ಪ ಇನ್ನೊಂದು ಬಾಂಬು ಹಾಕಿದ.

"ಅಣ್ಣಾ, ಮದ್ರಾಸಲ್ಲಿ ನಮಗೆ ಯಾರು ದಿಕ್ಕು? ಛತ್ರ ಗೊತ್ತಿರೋದು ನಿಂಗೆ. ಅರವು ಬರೋದು ನಿಂಗೆ!"

ನಿಜ. ಹಣ್ಣಿನ ಲಾರಿಯ ಜೊತೆ ಹೋಗಿ ಹೋಗಿ ಮದ್ರಾಸೂ ತಮಿಳೂ ತಿಳಿದಿದ್ದವನು ಅವನೊಬ್ಬನೇ. ವಿಮಾನ ಒಂದು ಗಳಿಗೆಯಲ್ಲಿ ಈ ಹನ್ನೊಂದು ಜನವನ್ನು ಅಲ್ಲಿ ಸುರಿದುಬಿಡುತ್ತದೆ. ಆಮೇಲೆ? ಚನ್ನರಾಯಪ್ಪನಿಗೆ ಅವಮಾನಪಡಲೂ ಪುರುಸೊತ್ತಾಗಲಿಲ್ಲ. "ಇಳಿದ ಜಾಗದಿಂದ ಒಬ್ರೂ ಅಲ್ಲಾಡ್ಬೇಡಿ! ಬಂದೇ ಬರ್ತೀನಿ!" ಎಂದು ಕೂಗಿ, ಪಂಚೆ ಎತ್ತಿಕಟ್ಟಿ ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದ. ಹೊರಡುತ್ತಿದ್ದ ಮದ್ರಾಸಿನ ಬಸ್ಸಿಗೆ ಜೋತುಬಿದ್ದ.

ಕಿಟಕಿ ಸೀಟು ಸಿಕ್ಕಿತು. ತಲೆ ಹೊರಗೆ ಹಾಕಿ ಆಕಾಶ ನೋಡುತ್ತ ಕೂತ. ಹೊಸಕೋಟೆ ದಾಟಿದರೂ ವಿಮಾನ ಕಾಣಲಿಲ್ಲ. "ಆಗ್ಲೇ ಹೋಗ್ಬಿಡ್ತೇನೋ" ಎಂದು ನರಳಿದ. ಕಂಡಕ್ಟರ್ ಬಂದು, "ತಲೆ ಒಳಗ್ ಹಾಕ್ರೀ, ಎದುರ್ಗಡೆ ಲಾರಿ ಬರ್ತವೆ" ಎಂದ. "ನನ್ ಹೆಂಡ್ತಿ ಮೇಲೆ ಹೋಗ್ತಾವ್ಳೆ ಕಣಪ್ಪಾ!" ಎಂದ ಚನ್ನರಾಯಪ್ಪ. ಕಂಡಕ್ಟರ್ ಟೋಪಿ ತೆಗೆದು, ಆಕಾಶಕ್ಕೆ ಕೈ ಮುಗಿದು ಮುಂದೆ ಹೋದ.

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ, ಕಿಟಕಿಯ ಕೆಳಗೇ ಕಡಲೆಕಾಯಿ ಕೊಳ್ಳುತ್ತಿದ್ದವನು ಯಾರು? ಸಾಕ್ಷಾತ್ ಶ್ರೀರಾಮಪ್ಪ! ಚನ್ನರಾಯಪ್ಪ ಟವೆಲನ್ನು ಮುಖದ ಮೇಲೆ ಎಳೆದುಕೊಂಡ. ಶ್ರೀರಾಮಪ್ಪ ಕತ್ತು ಓರೆ ಮಾಡಿ ಆ ಟವೆಲನ್ನೇ ನೋಡಿದ, ಹತ್ತಿರ ಬಂದ, ಬಾಯಿ ತೆರೆದ. ಅಷ್ಟರಲ್ಲಿ ಬಸ್ಸು ಹೊರಟಿತು. ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು ಎಲ್ಲ ಒಂದೊಂದಾಗಿ ಹಿಂದೆ ಬಿದ್ದವು. ಪ್ರತಿ ಊರಿನಲ್ಲೂ ಚನ್ನರಾಯಪ್ಪ ಕಣ್ಣಮುಂದೆ ತನ್ನ ಅತ್ತೆ ಮದ್ರಾಸಿನ ಪೊಲೀಸರ ಜೊತೆ ತೆಲುಗಿನಲ್ಲಿ ಜಗಳವಾಡುವುದನ್ನು ಕಂಡ.

ಮದ್ರಾಸಿನಲ್ಲಿ ಇಳಿದು, ಆಟೋದವನಿಗೆ ಕೇಳಿದಷ್ಟು ಕೊಟ್ಟು, ಅದೂ ಚೌಕಾಸಿಯಿಲ್ಲದೆ, ಮೀನಂಬಾಕ್ಕಂ ಸೇರುವಷ್ಟರಲ್ಲಿ ದೀಪ ಹಚ್ಚಿದ್ದರು. ಏದುಸಿರು ಬಿಡುತ್ತ ಒಳಗೆ ನುಗ್ಗಿ, ಸಮವಸ್ತ್ರದವನ ಕೈ ಹಿಡಿದು, ತನಗೆ ಬರುವಷ್ಟು ಅರವಿನಲ್ಲಿ ಕೇಳಿದ: ಬೆಂಗಳೂರಿನಿಂದ ಬೆಳಗ್ಗೆ ಬಂದವರು ಎಲ್ಲಿ? ಒಬ್ಬಳು ಮುದುಕಿ ಇದ್ದಾಳೆ, ಏನಾದರೂ ಗಲಾಟೆಯಾಯಿತೇ?

"ಆ ಫ್ಲೈಟ್ ಇನ್ನೂ ಬರ್ಲಿಲ್ಲ," ಎಂದನಾತ. "ಏನೋ ರಿಪೇರಿ. ಈಗ ಹೊರಟಿದೆಯಂತೆ."

ಚನ್ನರಾಯಪ್ಪ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಆಮೇಲೆ ನಗಲು ಶುರು ಮಾಡಿದ. ಎಷ್ಟು ನಕ್ಕನೆಂದರೆ ಇಬ್ಬರು ಬಂದು ನೀರು ಕೊಟ್ಟರು. ನೀರು ಕುಡಿದು ಹೊರಗೆ ಹೋಗಿ ಮಲ್ಲಿಗೆ ಹೂವು ಕೊಂಡು ತಂದ. ಒಂದು ಮೊಳವಲ್ಲ, ಒಂದು ಕುಕ್ಕೆ ಪೂರ್ತಿ.

ವಿಮಾನದಿಂದಿಳಿದು ಕಂಬಕ್ಕೆ ಕಟ್ಟಿ ಬಿಚ್ಚಿದ ದನಗಳಂತೆ ಬಂದ ಹನ್ನೊಂದು ಜನಕ್ಕೆ ಮೊದಲು ಕಂಡದ್ದು, ಹೂವಿನ ಕುಕ್ಕೆ ತಬ್ಬಿಕೊಂಡು ನಿಂತ ಚನ್ನರಾಯಪ್ಪ. ಭಾರತಮ್ಮ ಹೆಜ್ಜೆ ನಿಲ್ಲಿಸಿದಳು.

"ಏನ್ರೀ... ನೀವು ಹೆಂಗ್ರೀ ಮೊದ್ಲೇ ಬಂದ್ರಿ?"

"ಬಸ್ಸಲ್ಲಿ ಕಣೇ!"

ದೊಡ್ಡಮುನಿಯಮ್ಮ ಅಳಿಯನ ಗಲ್ಲ ಸವರಿ ನೆಟಿಗೆ ಮುರಿದಳು. "ಚೂಡಂಡಿ, ವಿಮಾನಕ್ಕಿಂತ ನನ್ ಅಲ್ಲುಡೇ ಸ್ಪೀಡು! ನಾನಂತೂ ಹತ್ತಿದಾಗ ಕಣ್ಣು ಮುಚ್ದೋಳು, ಈಗ ನಿನ್ನ ನೋಡೋಕೇ ತೆಗ್ದಿದ್ದು." ಹೂವು ಮುಡಿಯುವಾಗ ಭಾರತಮ್ಮ ಮುಖ ಆಚೆ ತಿರುಗಿಸಿಕೊಂಡಿದ್ದಳು. ಕಣ್ಣಿಗೆ ಏನೋ ಬಿತ್ತು ಎಂದಳು.

ಸಮುದ್ರ ನೋಡಿ, ಸೀರೆ ಕೊಂಡು, ಎಲ್ಲರೂ ಬಸ್ಸಿನಲ್ಲಿ ವಾಪಸ್ಸಾದರು. ಮರುದಿನ ಮಂಡಿಯ ಮುಂದೆ ಊರು ಸೇರಿದ್ದಾಗ ಶ್ರೀರಾಮಪ್ಪ ಬಂದ. ಅವನ ಮುಖದಲ್ಲಿ ಗೆದ್ದವನ ಕಳೆ.

"ಕೇಳ್ರಪ್ಪಾ! ಈ ಮಹಾಶಯ ಹಾರ್ಲೇ ಇಲ್ಲ. ಕೋಲಾರದಲ್ಲಿ ಬಸ್ಸಲ್ಲಿ ಮುಸುಕು ಹಾಕ್ಕೊಂಡು ಕೂತಿದ್ದ. ನನ್ ಕಣ್ಣಾರೆ ನೋಡಿದೀನಿ!"

"ಹೌದು, ಬಸ್ಸಲ್ಲೇ ಹೋದ," ಎಂದ ಮುನಿಯಲ್ಲಪ್ಪ. "ಹೋಗಿ ನಮ್ಗಿಂತ ಮುಂಚೆ ಹೂವು ಹಿಡ್ಕೊಂಡು ನಿಂತಿದ್ದ."

ದೊಡ್ಡಮುನಿಯಮ್ಮ ಎಲೆ ಅಡಿಕೆ ಜಗಿಯುತ್ತ ಹಿರಿಯಳಿಯನ ಕಡೆ ತಿರುಗಿದಳು. "ಅವ್ನು ಸರಿ. ನೀನು ಡೆಲ್ಲೀಲಿ ಇಳ್ದಾಗ ನಿನಗೋಸ್ಕರ ಯಾರು ನಿಂತಿದ್ರಪ್ಪಾ?"

ಯಾರೋ ಶ್ರೀರಾಮಪ್ಪನಿಗೆ ಕೂರಲು ಒಂದು ಮಾವಿನ ಪೆಟ್ಟಿಗೆ ಸರಿಸಿದರು. ಕೂತ.

ಆ ಗೆಲುವಿನಲ್ಲಿ ಚನ್ನರಾಯಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಗರಿ ತಕ್ಕಡಿಯ ಕಲ್ಲಿನ ಮೇಲೆ ಹತ್ತಿದ. "ಇನ್ನೊಂದು ಲಾಟು ತರ್ತೀನಿ! ಈ ಸಲ ಬೊಂಬಾಯಿ! ಮೊದಲ್ನೇ ಸೀಟು! ಯಾರು ಕೂಗ್ತೀರಿ?"

"ನಾನು," ಎಂದು ಹಿಂದಿನಿಂದ ಒಂದು ದನಿ ಬಂತು. ಜನ ದಾರಿ ಬಿಟ್ಟರು. ಭಾರತಮ್ಮ ಮುಂದೆ ಬಂದು, ಸೆರಗಿನ ಗಂಟು ಬಿಚ್ಚಿ, ಒಂದು ಐದು ರೂಪಾಯಿಯ ನೋಟನ್ನು ತಕ್ಕಡಿಯ ತಟ್ಟೆಗೆ ಹಾಕಿದಳು. "ಐದು ರೂಪಾಯಿ. ನಮ್ ಯಜಮಾನ್ರ ಹೆಸ್ರಿಗೆ. ಮೇಲೆ ಕೂಗೋರು ಯಾರಾದ್ರೂ ಇದ್ರೆ ಕೂಗ್ಲಿ, ನೋಡ್ತೀನಿ."

ಆವಲಪ್ಪ ಆಕಾಶ ನೋಡಿದ. ರೇಷ್ಮೆಗೂಡಿನ ವ್ಯಾಪಾರಿ ಕಾಲಿನ ಚಪ್ಪಲಿ ನೋಡಿಕೊಂಡ. ಶ್ರೀರಾಮಪ್ಪ ಪೆಟ್ಟಿಗೆಯ ಮೇಲೆ ಇನ್ನಷ್ಟು ಒತ್ತಿ ಕೂತ.

"ಒಂದ್ಸಾರಿ," ಎಂದ ಚನ್ನರಾಯಪ್ಪ. "ಎರಡ್ಸಾರಿ..."

ಮೂರನೆಯದನ್ನು ಕೂಗದೆ ಅವನು ಟವೆಲಿನಿಂದ ಮುಖ ಒರೆಸಿಕೊಳ್ಳತೊಡಗಿದಾಗ, ಇಡೀ ಮಂಡಿಯೇ ಅವನ ಪರವಾಗಿ ಕೂಗಿತು:

"ಮೂರ್ಸಾರಿ!"